ಇನ್ನೊಂದು ಕಲ್ಲು ಉಪ್ಪು

ನನ್ನ ನಾಲಿಗೆಗೆ ನಂಜನಗೂಡು ತಾಲ್ಲೂಕಿನಲ್ಲಿ ಒಂದು ಹೆಸರಿತ್ತು. (ನನ್ನ ಬಾಯಿಗೂ ಇತ್ತು, ಈಗಲೂ ಇದೆ. ಅದು ಬೇರೆ ವಿಷಯ.) ನಾವು ದೇವನೂರಿನಲ್ಲಿದ್ದಾಗ ಊರಿನ ಯಾರ ಮನೆಯಲ್ಲಿ ಮದುವೆಯಾಗಲಿ, ತೊಟ್ಟಿಲ ಶಾಸ್ತ್ರವಾಗಲಿ, ಹುಳಿಯ ಕೊಪ್ಪರಿಗೆ ಒಲೆಯಿಂದ ಇಳಿಸುವ ಮುಂಚೆ ಸೌಟಿನಲ್ಲಿ ತಂದು ನನ್ನ ಅಂಗೈಗೆ ಎರಡು ತೊಟ್ಟು ಬಿಡುತ್ತಿದ್ದರು. ನಾನು ನೆಕ್ಕಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದೆ. ಆ ಸ್ವಲ್ಪ ಹೊತ್ತಿನಲ್ಲಿ ಅಡುಗೆಯವರ ಮುಖ ನೋಡಬೇಕಿತ್ತು. ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ! ಆಮೇಲೆ ನಾನು "ಧನಿಯ ಹುರಿದದ್ದು ಸಾಲದು" ಎಂದೋ "ಬೆಲ್ಲ ಹೋದ ವರ್ಷದ್ದು" ಎಂದೋ ತೀರ್ಪು ಕೊಡುತ್ತಿದ್ದೆ. ಅದಕ್ಕೆ ಮೇಲಿನ ಕೋರ್ಟು ಇರಲಿಲ್ಲ. ನಮ್ಮ ಯಜಮಾನರು ಸಿದ್ದಮಲ್ಲಪ್ಪನವರು, "ಈ ಮಲ್ಲಾಜಮ್ಮನ ನಾಲಿಗೇನ ತೂಕ ಅಳತೆ ಆಫೀಸಿಗೆ ಕೊಟ್ಬುಡ್ಬೇಕು" ಅನ್ನುತ್ತಿದ್ದರು. ಅದು ಹೊಗಳಿಕೆಯೋ ಬೈಗುಳವೋ, ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದರೂ ನನಗೆ ತಿಳಿಯಲಿಲ್ಲ. ಕೇಳೋಣವೆಂದರೆ ಈಗ ಅವರಿಲ್ಲ.

ಇಂಥ ನಾಲಿಗೆ ಎರಡು ವರ್ಷದ ಹಿಂದೆ ಒಂದು ಜ್ವರದಲ್ಲಿ ಹೊರಟುಹೋಯಿತು. ಜ್ವರ ವಾರಕ್ಕೆ ಬಿಟ್ಟಿತು, ರುಚಿ ಮಾತ್ರ ವಾಪಸು ಬರಲಿಲ್ಲ. ಎಲೆಯ ಮೇಲಿನ ಅನ್ನ ತಿಂದರೂ ಒಂದೇ, ಅನ್ನದ ಕೆಳಗಿನ ಎಲೆ ತಿಂದರೂ ಒಂದೇ. ಮೆಣಸಿನಕಾಯಿ ಉರಿಯುತ್ತಿತ್ತು. ಅಷ್ಟೇ ನನಗೂ ಊಟಕ್ಕೂ ಉಳಿದ ನಂಟು.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಯಜಮಾನರು ಹೋದ ಮೇಲೆ ಬೀರುವಿನ ಕೀಲಿ ಕೈ ಸೊಸೆಗೆ ಕೊಟ್ಟೆ. ಹೊಲದ ವಿಚಾರ ಮಗನಿಗೆ ಬಿಟ್ಟೆ. ಮಂಡಿ ಮಡಿಸಲು ಆಗದೆ ಹೋದ ಮೇಲೆ ದೇವರಮನೆ ಮೊಮ್ಮಗಳ ಪಾಲಾಯಿತು. ನನ್ನ ಹತ್ತಿರ ಉಳಿದಿದ್ದ ಒಂದೇ ಒಂದು ಅಧಿಕಾರ ನಾಲಿಗೆಯದು. ಅದೂ ಇಲ್ಲ ಎಂದರೆ ನಾನು ಆ ಮನೆಯಲ್ಲಿ ಟೀವಿ ಮುಂದೆ ಕೂತ ಒಬ್ಬಳು ಮುದುಕಿ. ಅದಕ್ಕೇ ಒಂದು ಉಪಾಯ ಮಾಡಿಕೊಂಡೆ. ಮೊದಲ ತುತ್ತಿಗೆ ಎಂದಿನಂತೆ ಕಣ್ಣು ಮುಚ್ಚುವುದು. ಆಮೇಲೆ, "ಎಲ್ಲ ಸರಿ ಅದೆ. ಇನ್ನೊಂದು ಕಲ್ಲು ಉಪ್ಪು ಬಿದ್ದಿದ್ರೆ ಚೆಂದಿತ್ತು" ಎನ್ನುವುದು. ಒಂದು ಕಲ್ಲು ಉಪ್ಪು ಹೆಚ್ಚಾದರೆ ಯಾರಿಗೂ ತಿಳಿಯುವುದಿಲ್ಲ, ಕಡಿಮೆಯಾದರೂ ತಿಳಿಯುವುದಿಲ್ಲ. ಎರಡು ವರ್ಷ ಆ ಒಂದು ಕಲ್ಲಿನ ಮೇಲೆ ನನ್ನ ಸಿಂಹಾಸನ ನಿಂತಿತ್ತು.

ಹೀಗಿರುವಾಗ ನನ್ನ ಮೊಮ್ಮಗಳು ಶಿವಾನಿಗೆ ಮದುವೆ ಗೊತ್ತಾಯಿತು. ಹುಡುಗ ಮಹೇಂದ್ರ, ತಿ. ನರಸೀಪುರದವನು. ಬೀಗರು ಬಹಳ ಒಳ್ಳೆಯವರು. "ನಮಗೇನೂ ಬ್ಯಾಡ, ಊಟ ಒಂದು ಚೆನ್ನಾಗಿ ಹಾಕ್ಸಿ" ಎಂದರು. ಇದಕ್ಕಿಂತ ಭಯಂಕರವಾದ ಬೇಡಿಕೆಯನ್ನು ನಾನು ಕೇಳಿಲ್ಲ. ಒಡವೆ ಕೇಳಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಊಟ ಚೆನ್ನಾಗಿರಲಿ ಎಂದವರ ಮೇಲೆ ಯಾವ ಸ್ಟೇಷನ್ನಿನಲ್ಲಿ ಕಂಪ್ಲೇಂಟು ತೆಗೆದುಕೊಳ್ಳುತ್ತಾರೆ?

ಒಂದು ಭಾನುವಾರ ನಮ್ಮ ನಂಜನಗೂಡಿನ ಮನೆಯ ಹಾಲಿನಲ್ಲಿ ಅಡುಗೆಯವರನ್ನು ಆರಿಸುವ ಮಹಾಸಭೆ ಸೇರಿತು. ಮಗ ಗುರುಪ್ರಸಾದ್ ಮೈಸೂರಿನ ಯಾರೋ ಕೇಟರಿಂಗಿನವರ ಬಣ್ಣದ ಪುಸ್ತಕ ಹಿಡಿದು ಕೂತಿದ್ದ.

"ಅವ್ವಾ, ಇಲ್ನೋಡು. ಇವರು ಐಸಲ್ಲಿ ನಂದಿ ಕೆತ್ತಿ ನಿಲ್ಲಿಸ್ತಾರಂತೆ."

"ನಂದೀನ ಯಾರ್ಲಾ ತಿಂದಾರು?"

"ತಿನ್ನೋಕಲ್ಲ ಅವ್ವ, ನೋಡೋಕೆ."

"ನೋಡೋಕೆ ಗುಡೀಲಿ ಕಲ್ಲಿಂದೇ ಅದಲ್ಲ. ಕರಗೋದೂ ಇಲ್ಲ."

ಶಿವಾನಿ, "ಅಜ್ಜಿ, ಪಾನಿಪೂರಿ ಕೌಂಟರ್ ಮಾತ್ರ ಬೇಕೇ ಬೇಕು" ಎಂದು ನನ್ನ ತೊಡೆಗೆ ಆತುಕೊಂಡಳು.

"ನಿಂತ್ಕಂಡು ತಿನ್ನೋದಾ? ಮದ್ವೆ ಛತ್ರವಾ, ಬಸ್‌ಸ್ಟ್ಯಾಂಡಾ?"

ಸೊಸೆ ರೋಜಾ ಹುರುಳಿಕಾಯಿ ನಾರು ತೆಗೆಯುತ್ತಲೇ ನಿಧಾನವಾಗಿ ಬಾಯಿ ಬಿಟ್ಟಳು. "ನಮ್ ತವರಿನ ಕಡೆಗೆಲ್ಲ ಹೆಮ್ಮರಗಾಲದ ನಂಜೇಶನೇ ಮಾಡೋದು. ಎಲೆ ಊಟ. ಅಚ್ಚುಕಟ್ಟು."

"ಬಂತು ನೋಡು ತವರು" ಎಂದ ಗುರುಪ್ರಸಾದ.

"ಬರದೆ? ನಾನು ಅಲ್ಲಿಂದ ತಾನೆ ಬಂದಿದ್ದು? ಬಸ್‌ಸ್ಟ್ಯಾಂಡಿಂದ ಎತ್ಕೊಂಡ್ ಬಂದ್ರಾ?"

ಜಗಳ ಒಂದು ಹದಕ್ಕೆ ಬರುತ್ತಿರುವಾಗ ಮಗ ಕೈ ಎತ್ತಿದ. "ಸುಮ್ನಿರಿ ಎಲ್ಲ. ಅವ್ವ ರುಚಿ ನೋಡ್ಲಿ. ಅವ್ವ ಯಾರು ಅಂತಾಳೋ ಅವರೇ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮಂಡಿ ಒತ್ತಿಕೊಂಡೆ.

"ನನಗೆ ಮಂಡಿ ನೋವು ಕಣಪ್ಪ."

"ಮಂಡೀಲೇನ್ ತಿಂತೀಯಾ ಅವ್ವ? ಕಾರಲ್ಲಿ ಹೋಗೋದು."

ಮೊದಲು ಮೈಸೂರಿನವರು ತಾವೇ ಮನೆಗೆ ಬಂದರು. ಟೈ ಕಟ್ಟಿಕೊಂಡಿದ್ದ ಒಬ್ಬಾತ ಗೊಂಬೆ ಮನೆಗೆ ಆಗುವಂಥ ಹನ್ನೊಂದು ಪುಟ್ಟ ಡಬ್ಬಿಗಳನ್ನು ಸಾಲಾಗಿ ಇಟ್ಟ. ನಾನು ಗಂಭೀರವಾಗಿ ಒಂದನ್ನು ಚಮಚದಲ್ಲಿ ತೆಗೆದು, ಕಣ್ಣು ಮುಚ್ಚಿ, "ಎಲ್ಲ ಸರಿ ಅದೆ. ಇನ್ನೊಂದು ಕಲ್ಲು ಉಪ್ಪು ಬಿದ್ದಿದ್ರೆ ಚೆಂದಿತ್ತು" ಎಂದೆ.

"ಅಮ್ಮಾ, ಅದು ಜಾಮೂನು" ಎಂದ ಆತ.

(ಕನ್ನಡಕ ಹಾಕಿಕೊಂಡಿರಲಿಲ್ಲ. ಡಬ್ಬಿಯೊಳಗೆ ಕಪ್ಪಗೆ ಗುಂಡಗೆ ಇದ್ದದ್ದನ್ನು ನಾನು ಬದನೆಕಾಯಿ ಎಂದುಕೊಂಡಿದ್ದೆ.) ಆಗ ರೋಜಾ ಒಂದು ಸಲ ಕೆಮ್ಮಿ, "ಸಿಹಿಗೂ ಒಂದು ಚಿಟಿಕೆ ಉಪ್ಪು ಹಾಕ್ತಾರೆ ಕಣ್ರೀ, ಸಿಹಿ ಎತ್ತಿ ತೋರ್ಸುತ್ತೆ. ಅತ್ತೆ ಹೇಳೋದು ಸರೀನೇ" ಎಂದಳು. ಆತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಪಾಪ, ನನ್ನ ಸೊಸೆ ಮುಗ್ಧೆ, ನನ್ನನ್ನು ಎಷ್ಟು ನಂಬಿದ್ದಾಳೆ ಎಂದು ನನಗೆ ಕರುಳು ಚುರುಕ್ ಎಂದಿತು.

ನಂಜೇಶನದು ಬೇರೆ ದಾರಿ. ಅವನು ಫೋನಿನಲ್ಲಿ, "ಡಬ್ಬೀಲಿ ಏನ್ ಗೊತ್ತಾದದು ಸಾ? ಸೋಮವಾರ ನರಸೀಪುರದ ಛತ್ರದಲ್ಲಿ ನಮ್ದೇ ಒಂದು ಮದ್ವೆ ಅಡ್ಗೆ ಅದೆ. ಅವ್ವಾರ್ನ ಕರ್ಕಂಡ್ ಬನ್ನಿ. ಎಲೆ ಮೇಲೇ ರುಚಿ ನೋಡ್ಬುಡಿ" ಎಂದ.

"ಯಾರದೋ ಮದ್ವೇಲಿ ಕರೀದೆ ಓಗಿ ಉಣ್ಣೋದೇನ್ಲಾ?" ಎಂದೆ ಮಗನಿಗೆ.

"ಈಗೆಲ್ಲ ಹಿಂಗೇ ಅವ್ವ. ಇದಕ್ಕೆ ಸ್ಯಾಂಪಲ್ ನೋಡೋದು ಅಂತಾರೆ."

"ನಮ್ ಕಾಲ್ದಲ್ಲಿ ಇದಕ್ಕೆ ಬೇರೆ ಎಸ್ರಿತ್ತು."

ಆದರೂ ಹೋದೆವು, ನಾನು, ಮಗ, ಸೊಸೆ. ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು. ಹೆಣ್ಣಿನ ಕಡೆಯವರು ನಮ್ಮನ್ನು ಗಂಡಿನ ಕಡೆಯವರೆಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದುಕೊಂಡರು. ಎರಡು ಕಡೆಯಿಂದಲೂ ಉಪಚಾರ! ಸ್ವಂತ ನೆಂಟರ ಮದುವೆಯಲ್ಲೂ ನನಗೆ ಅಷ್ಟು ಮರ್ಯಾದೆ ಸಿಕ್ಕಿಲ್ಲ. ಒಬ್ಬ ಹೆಂಗಸು ನನ್ನ ಕೈ ಹಿಡಿದುಕೊಂಡು, "ನಮ್ ಗೌರಿ ಮದ್ವೇಲಿ ನೋಡಿದ್ದು ನಿಮ್ಮನ್ನ!" ಎಂದಳು.

"ಊಂ ಕಣವ್ವ. ಚೆನ್ನಾಗವ್ಳಾ ಗೌರಿ?"

"ಎರಡು ಮಕ್ಳು."

"ಚೆನ್ನಾಗಿರ್ಲಿ ಬುಡು."

ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಕೋಸಂಬರಿ, ಪಲ್ಯ, ಒಬ್ಬಟ್ಟು, ಅನ್ನ, ಹುಳಿ ಬಂದವು. ಹುಳಿಯಿಂದ ಹಬೆ ಏಳುತ್ತಿತ್ತು. ಬೇಳೆ ಕರಗಿ ಬಣ್ಣ ಹೇಗೆ ಕೂಡಿತ್ತು ಎಂದರೆ, ಇದು ಒಳ್ಳೆಯ ಹುಳಿ ಎಂದು ಕಣ್ಣು ಹೇಳಿತು. ನಾಲಿಗೆಗೆ ಇಟ್ಟೆ. ಬಿಸಿ ಎಂದಷ್ಟೇ ಅದು ಹೇಳಿತು. ಅಕ್ಕಪಕ್ಕದವರೆಲ್ಲ ಚಪ್ಪರಿಸಿ ಉಣ್ಣುತ್ತಿದ್ದರು. ಅಷ್ಟು ಜನರ ನಡುವೆ ಕೂತು ನಾನೊಬ್ಬಳೇ ಊಟದ ಆಚೆ ದಡದಲ್ಲಿದ್ದೆ.

ಅಷ್ಟರಲ್ಲಿ ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬಾತ ನನ್ನ ಎಲೆಯ ಮುಂದೆ ಬಂದು ಕೈ ಮುಗಿದು ನಿಂತ. ನಲವತ್ತರ ಆಸುಪಾಸು, ಹಣೆಯ ತುಂಬ ವಿಭೂತಿ.

"ಅವ್ವಾ, ನಾನೇ ನಂಜೇಶ. ನಿಮ್ ಮಗನ ಮದ್ವೆಗೆ ದೇವನೂರಲ್ಲಿ ಅಡ್ಗೆ ಮಾಡಿದ್ದು ನಮ್ಮಪ್ಪನೇಯ. ಸಾಯೋಗಂಟ ಏಳೋರು, ಮಲ್ಲಾಜಮ್ಮಾರು ಏನಾರ ಅಂದ್ರೆ ಯಾಕೆ ಅಂತ ಕೇಳ್ಬ್ಯಾಡ ಕಣ್ಲಾ, ಮಾಡ್ಬುಡು ಅಂತ. ಇವತ್ತು ಸೋಮವಾರ, ನಾನು ಉಪಾಸ. ನಾಲಿಗೆ ಮ್ಯಾಲೆ ಏನೂ ಇಟ್ಕಳಂಗಿಲ್ಲ. ಎಂಗದೆ ಏಳಿ ಅವ್ವ?"

ಪಕ್ಕದಲ್ಲಿದ್ದ ರೋಜಾ ಮೊಣಕೈಯಲ್ಲಿ ಮೆಲ್ಲಗೆ ತಿವಿದಳು. "ಅತ್ತೆ, ಚೆನ್ನಾಗಿದೆ ಅಂದ್ಬಿಡಿ."

ನೋಡಿ, ಅಲ್ಲೇ ನನಗೆ ಕೋಪ ಬಂದದ್ದು. ನನಗೆ ಹೇಳಿಕೊಡುತ್ತಾಳೆಯೇ? ನಾನು ಯಾರು? ತೀರ್ಪು ಕೊಡುವವರು ಚೆನ್ನಾಗಿದೆ ಎಂದು ಎದ್ದುಹೋದರೆ ಅದಕ್ಕೆ ಬೆಲೆ ಎಲ್ಲಿರುತ್ತದೆ? ನಾನು ಕಣ್ಣು ಮುಚ್ಚಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದೆ, ಆಮೇಲೆ ಹೇಳಿದೆ.

"ಎಲ್ಲ ಸರಿ ಅದೆ ಕಣಪ್ಪ. ಹುಳಿಗೆ ಇನ್ನೊಂದು ಕಲ್ಲು ಉಪ್ಪು ಬಿದ್ದಿದ್ರೆ ಚೆಂದಿತ್ತು."

ನಂಜೇಶನ ಮುಖ ಒಂದು ಗಳಿಗೆ ಬಿಳುಪೇರಿತು. "ಒಂದು ಕಲ್ಲಾ ಅವ್ವ?"

"ಊಂ, ಒಂದೇ ಕಲ್ಲು."

ಅವನು ಬಗ್ಗಿ ನಮಸ್ಕಾರ ಮಾಡಿ ಒಳಗೆ ಹೋದ. ನಾನು ಗೆದ್ದವಳ ಹಾಗೆ ಮೊಸರನ್ನಕ್ಕೆ ಕೈ ಇಟ್ಟೆ.

ಎರಡನೇ ಪಂಕ್ತಿ ಕೂತಾಗ ನಾವು ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಊಟದ ಹಾಲಿನಲ್ಲಿ ಮೊದಲು ಒಬ್ಬ ಕೆಮ್ಮಿದ. ಆಮೇಲೆ ಹತ್ತು ಜನ. "ಥೂ, ಇದೇನ್ರೀ, ಹುಳಿನಾ ಸಮುದ್ರನಾ?" "ನೀರು ತಗಂಬನ್ರಪ್ಪೋ!" ನಮ್ಮ ಗೌರಿಯ ಪರಿಚಯದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ನಲ್ಲಿ ಕಡೆ ಓಡಿದಳು. ಗಂಡಿನ ದೊಡ್ಡಪ್ಪ ಎಲೆಯಿಂದ ಎದ್ದುಬಿಟ್ಟರು. ಮದುವೆ ಮನೆಯಲ್ಲಿ ಗಂಡಿನ ಕಡೆಯ ಹಿರಿಯರು ಎಲೆಯಿಂದ ಎದ್ದರೆ ಏನರ್ಥ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೆಣ್ಣಿನ ತಂದೆ ಅಲ್ಲೇ ಕಂಬ ಹಿಡಿದುಕೊಂಡರು.

"ಎಲ್ಲವ್ನೆ ಅಡ್ಗೆಯವ್ನು? ಕರೀರಿ ಅವನ್ನ!" ಎಂದು ದೊಡ್ಡಪ್ಪ ಕೂಗಿದರು.

ನಂಜೇಶ ಬಂದು ತಲೆ ತಗ್ಗಿಸಿ ನಿಂತ.

"ಏನಯ್ಯಾ, ಮುನ್ನೂರು ಜನಕ್ಕೆ ಉಪ್ಪಿನ ನೀರು ಕುಡಿಸ್ತಿದ್ದೀಯಾ? ಇನ್ಮೇಲೆ ಈ ಸೀಮೇಲಿ ಯಾರಾರ ನಿನಗೆ ಒಂದು ನಾಮಕರಣದ ಅಡ್ಗೆ ಕೊಡ್ತಾರಾ ನೋಡ್ತೀನಿ!"

"ತಪ್ಪಾಯ್ತು ಸಾ" ಎಂದ ನಂಜೇಶ. ಅಷ್ಟೇ. ಒಂದು ಮುದುಕಿ ಹೇಳಿದಳು ಎನ್ನಲಿಲ್ಲ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

"ಬಾ ಅವ್ವ, ಹೊರಡಣ" ಎಂದು ಮಗ ಕಾರಿನ ಕೀಲಿ ತೆಗೆದ. ಹೊರಡಬಹುದಿತ್ತು. ನಾವು ಯಾರೆಂದು ಆ ಛತ್ರದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆದರೆ ನನ್ನ ಕಾಲು, ಮೆಟ್ಟಿಲು ಹತ್ತು ಎಂದರೆ ಹತ್ತದ ಕಾಲು, ತಾನೇ ತಾನಾಗಿ ಊಟದ ಹಾಲಿನ ನಡುವೆ ಹೋಗಿ ನಿಂತಿತು.

"ಸ್ವಾಮಿ, ಆ ಮಗೀನ ಬೈಬ್ಯಾಡಿ. ಉಪ್ಪು ಸಾಲ್ದು ಅಂದೋಳು ನಾನು."

"ನೀವ್ಯಾರವ್ವ? ಹೆಣ್ಣಿನ ಕಡೆಯೋರಾ?"

"ಅಲ್ಲ" ಎಂದರು ಹೆಣ್ಣಿನ ತಂದೆ. "ನಿಮ್ ಕಡೆಯೋರು ಅನ್ಕಂಡಿದ್ದೆ."

"ನಮ್ ಕಡೆಯೋರಲ್ವಲ್ಲ! ಮತ್ತೆ ಯಾರ ಕಡೆಯವ್ವ ನೀವು?"

"ಅಡ್ಗೆ ಕಡೆ" ಎಂದೆ.

ಯಾರೋ ಹಿಂದೆ ಕಿಸಕ್ ಎಂದರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಹೇಳಲು ಆಗುತ್ತಿರಲಿಲ್ಲ. "ಎರಡು ವರ್ಷದಿಂದ ಈ ನಾಲಿಗೆಗೆ ಉಪ್ಪೂ ಗೊತ್ತಿಲ್ಲ, ಸಪ್ಪೇನೂ ಗೊತ್ತಿಲ್ಲ ಸ್ವಾಮಿ. ಮನೇಲಿ ಯಾರಿಗೂ ಏಳಿಲ್ಲ. ಗೊತ್ತಿರೋಳಂಗೆ ಆಡ್ಕಂಡು ಬಂದೆ. ಇವತ್ತು ನಿಮ್ ಮದ್ವೇಲೂ ಅಂಗೇ ಆಡ್ಬುಟ್ಟೆ. ಆದ್ರೂ ನಾನಂದಿದ್ದು ಒಂದೇ ಒಂದು ಕಲ್ಲು. ಅಷ್ಟಕ್ಕೆ ಇಷ್ಟೆಲ್ಲ ಎಂಗಾಯ್ತೋ..."

ನಂಜೇಶ ತಲೆ ಎತ್ತಿದ. "ಒಂದೇ ಕಲ್ಲು ಆಕಿದ್ದು ಅವ್ವ. ತೂಗಿ ಆಕ್ದೆ."

"ತೂಗಿ?"

"ಕೇಜಿ ತೂಕದ ಕಲ್ಲಲ್ಲಿ. ನಮ್ ಅಡ್ಗೆ ಮನೇಲಿ ಒಂದು ಕಲ್ಲು ಅಂದ್ರೆ ಒಂದು ಕೇಜಿಯಲ್ವಾ?"

"ಅಯ್ಯೋ ನಮ್ಮಪ್ಪ! ನಾನಂದಿದ್ದು ಉಪ್ಪಿನ ಕಲ್ಲು ಕಣ್ಲಾ. ಇಷ್ಟು!" ಎಂದು ಉಗುರಿನ ತುದಿ ತೋರಿಸಿದೆ.

"ನನಗೂ ಜಾಸ್ತಿಯಾಯ್ತು ಅನ್ನುಸ್ತು ಅವ್ವ. ಆದ್ರೆ ನಮ್ಮಪ್ಪ ಯಾಕೆ ಅಂತ ಕೇಳ್ಬ್ಯಾಡ ಅಂದಿದ್ರಲ್ಲ."

ಮೊದಲು ನಕ್ಕವರು ಗಂಡಿನ ದೊಡ್ಡಪ್ಪನೇ. ಅವರು ನಕ್ಕ ಮೇಲೆ ಹೆಣ್ಣಿನ ತಂದೆ ಕಂಬ ಬಿಟ್ಟರು.

ಆದರೆ ನಗುವನ್ನು ಅನ್ನಕ್ಕೆ ಕಲಸಿಕೊಳ್ಳಲು ಆಗುತ್ತದೆಯೇ? ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದೆ. "ಉಪ್ಪಾಕ್ದಿರೋ ಬೆಂದ ಬೇಳೆ ಅದಾ?"

"ಸಂಜೆಗೆ ಅಂತ ಒಂದು ಪಾತ್ರೆ ಅದೆ."

"ಸುರಿ. ಬೂದಗುಂಬಳ ಎಚ್ಚಿ ಆಕು. ಉಣಸೆಹಣ್ಣು ಕಿವುಚು. ಅಲ್ಲೀಗಂಟ ಪಂಕ್ತಿಗೆ ತಿಳಿಸಾರು ಓಡ್ಲಿ!"

ರುಚಿ ನೋಡಲು ಒಂದು ನಾಲಿಗೆ ಬೇಕಲ್ಲ? ತಿರುಗಿ ನೋಡಿದೆ. ರೋಜಾ ಆಗಲೇ ನನ್ನ ಹಿಂದೆ ಅಂಗೈ ಚಾಚಿ ನಿಂತಿದ್ದಳು. ಎರಡು ತೊಟ್ಟು ಬಿಟ್ಟರು. ನೆಕ್ಕಿದಳು. ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಉಪ್ಪು ಇನ್ನೂ ಇದೆ. ಇನ್ನೆರಡು ಸೌಟು ಬೇಳೆ." ಮತ್ತೆ ನೆಕ್ಕಿದಳು. "ಈಗ ಒಂಚೂರು ಬೆಲ್ಲ." ಮೂರನೆಯ ಸಲ ಕಣ್ಣು ಬಿಟ್ಟು, "ಕಳ್ಸಿ" ಎಂದಳು. ಗಂಡಿನ ದೊಡ್ಡಪ್ಪ ಮತ್ತೆ ಎಲೆಗೆ ಕೂತು ಎರಡು ಸಲ ಹುಳಿ ಹಾಕಿಸಿಕೊಂಡರು.

ಕಾರು ಅರ್ಧ ದಾರಿಗೆ ಬಂತು. ನಾನೇ ಮಾತು ಶುರು ಮಾಡಿದೆ.

"ಗುರು, ರೋಜಾ, ಬೈಯಂಗಿದ್ರೆ ಬೈದ್ಬುಡಿ. ಎರಡು ವರ್ಷ ನಿಮಗೆ ಸುಳ್ಳೇಳ್ದೆ."

"ಗೊತ್ತಿತ್ತು ಅತ್ತೆ" ಎಂದಳು ರೋಜಾ.

"ಏನ್ ಗೊತ್ತಿತ್ತು?"

"ನಾಲಿಗೆ ವಿಚಾರ. ಹೋದ ವರ್ಷ ಉಗಾದಿಗೆ ನಾನು ಬೆಲ್ಲ ಹಾಕೋದೇ ಮರ್ತು ಬರೀ ಬೇವು ತಂದ್ಕೊಟ್ಟೆ. ನೀವು ಅಗಿದು ನುಂಗಿ, 'ಈ ಸಲ ಸಿಹಿ ಒಂಚೂರು ಮುಂದಾಯ್ತು ಕಣವ್ವ' ಅಂದ್ರಿ."

ಗುರುಪ್ರಸಾದನ ಹೆಗಲು ಕುಲುಕಿತು. ಕಾರೂ ಸ್ವಲ್ಪ ಕುಲುಕಿತು.

"ಮತ್ತೆ ದಿನಾ ನಾನು ಒಂದು ಕಲ್ಲು ಉಪ್ಪು ಅಂದಾಗ ಎದ್ದೋಗಿ ಆಕ್ತಿದ್ಯಲ್ಲ?"

"ಒಳಗೋಗಿ ಡಬ್ಬಿ ಮುಚ್ಚಳ ಟಣ್ ಅನ್ನಿಸಿ ಬರ್ತಿದ್ದೆ ಅಷ್ಟೇ."

ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ಎರಡು ವರ್ಷ! ದಿನಕ್ಕೆ ಎರಡು ಹೊತ್ತು! ನನ್ನ ಮರ್ಯಾದೆಗೋಸ್ಕರ ಆ ಹುಡುಗಿ ಎಷ್ಟು ಸಲ ಡಬ್ಬಿ ಟಣ್ ಅನ್ನಿಸಿದ್ದಾಳೆ!

"ಗೊತ್ತಿದ್ದೂ ನನ್ನ ಯಾಕವ್ವ ರುಚಿ ನೋಡಕ್ಕೆ ಎಳ್ಕಂಡ್ ಬಂದ್ರಿ?"

ರೋಜಾ ಕಿಟಕಿಯಾಚೆ ನೋಡಿದಳು. "ನೀವಿಲ್ದೆ ಶಿವಾನಿ ಮದ್ವೆ ಅಡ್ಗೆ ಹೆಂಗ್ ಗೊತ್ತು ಮಾಡೋದು ಅತ್ತೆ? ನಾನು ಮದ್ವೆಯಾಗಿ ಬಂದಾಗ ನನಗೆ ಅನ್ನ ಬಸಿಯೋಕೂ ಬರ್ತಿರ್ಲಿಲ್ಲ. ಪಕ್ಕದಲ್ಲಿ ನಿಲ್ಲಿಸ್ಕೊಂಡು ಒಂದೊಂದೇ ತೊಟ್ಟು ನನ್ನ ಕೈಗೆ ಬಿಟ್ಟು ಕಲಿಸಿದ್ರಿ. ನಾಲಿಗೆ ನನ್ನದಿರ್ಬೋದು, ಅದರೊಳಗಿರೋದು ನಿಮ್ದೇ ಅಲ್ವಾ?"

ನಾನು ಅವಳ ಕೈ ಹಿಡಿದುಕೊಂಡೆ. ನಂಜನಗೂಡು ಬರುವವರೆಗೂ ಬಿಡಲಿಲ್ಲ.

ಅಡುಗೆ ನಂಜೇಶನಿಗೇ ಎಂದು ಮನೆಯವರೆಲ್ಲ ಒಪ್ಪಿದರು. ನಂಜೇಶನೇ ಒಪ್ಪುತ್ತಾನೋ ಇಲ್ಲವೋ ಎಂಬುದು ನನ್ನ ಹೆದರಿಕೆ. ಅವನು ಮನೆಗೆ ಬಂದು, ಶಿವಾನಿಯ ಪಾನಿಪೂರಿಯನ್ನೂ ಸೇರಿಸಿ ಪಟ್ಟಿ ಬರೆದುಕೊಂಡು, "ಒಂದು ಷರತ್ತು ಅದೆ" ಎಂದು ಕೆಮ್ಮಿದ. ಅಜ್ಜಿ ಅಡುಗೆಮನೆ ಹೊಸಲು ದಾಟಬಾರದು ಎನ್ನುತ್ತಾನೆ ಎಂದುಕೊಂಡು ನಾನು ತಲೆ ಬಗ್ಗಿಸಿದೆ.

"ಅವ್ವಾರು ಅವತ್ತು ನಮ್ ಅಡ್ಗೆ ಮನೇಲಿ ಕುರ್ಚಿ ಆಕ್ಕಂಡು ಕೂತಿರ್ಬೇಕು. ನಮ್ಮೋರು ಭಯಭಕ್ತಿಯಿಂದ ಕೆಲ್ಸ ಮಾಡ್ತಾರೆ."

ನನ್ನ ತಲೆ ಮೇಲೆದ್ದಿತು. ಮಗನನ್ನೂ ಸೊಸೆಯನ್ನೂ ಒಮ್ಮೆ ನೋಡಿದೆ, ಕೇಳಿಸಿತೇ ಎನ್ನುವ ಹಾಗೆ.

"ಬಾಯಿ ಮಾತ್ರ ತೆಗೀಬಾರ್ದು" ಎಂದು ಮುಗಿಸಿದ.

ಮದುವೆಯ ದಿನ ಬೆಳಗಿನಿಂದ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. (ನನ್ನ ಮಗ ಅದರ ಫೋಟೋ ತೆಗೆಸಿದ್ದಾನೆ. ಅಪರೂಪವಂತೆ.) ರೋಜಾ ಹೆಣ್ಣಿನ ತಾಯಿ, ನೂರೆಂಟು ಕೆಲಸ, ಆದರೂ ರೇಷ್ಮೆ ಸೀರೆ ಎತ್ತಿ ಹಿಡಿದು ಆಗಾಗ ಓಡಿಬಂದು ನನ್ನ ಕಿವಿಯಲ್ಲಿ ಹೇಳಿ ಹೋಗುತ್ತಿದ್ದಳು. "ಒಬ್ಬಟ್ಟು ಹದವಾಗಿದೆ ಅತ್ತೆ, ಏಲಕ್ಕಿ ಒಂಚೂರು ಮುಂದು." "ಹುಳಿ ನಿಮ್ಮದೇ ಥರ ಇದೆ." ಅವಳು ಹೇಳಿದಂತೆಲ್ಲ ನನ್ನ ಬಾಯಲ್ಲಿ ನೀರೂರುತ್ತಿತ್ತು. ಬೀಗರು ಉಂಡು, ಕೈ ತೊಳೆದು, ನನ್ನ ಕುರ್ಚಿಯ ತನಕ ಬಂದು ಕೈ ಮುಗಿದು ಹೋದರು.

ಕೊನೆಯ ಪಂಕ್ತಿ ಎದ್ದ ಮೇಲೆ ನಂಜೇಶ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು ನನ್ನ ಮುಂದೆ ನಿಂತ. "ಈಗ ಬಾಯ್ ತೆಗೀಬೋದು ಅವ್ವ. ಎಂಗಿತ್ತು ಏಳಿ?"

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಅಧಿಕಾರವನ್ನು ಬಿಟ್ಟುಕೊಡಲು ಇದೇ ಒಳ್ಳೆಯ ಗಳಿಗೆ ಎನಿಸಿತು. ಎದ್ದು ನಿಂತೆ. ಎಲ್ಲರಿಗೂ ಕೇಳುವ ಹಾಗೆ, "ನನ್ನ ಕೇಳ್ಬ್ಯಾಡ ಕಣಪ್ಪ. ಇವತ್ತಿಂದ ನನ್ ಸೊಸೇನ ಕೇಳು" ಎಂದೆ.

"ಅವರನ್ನ ಬೆಳಗ್ಗೇನೇ ಕೇಳ್ಕಂಡೆ ಅವ್ವ" ಎಂದ ನಂಜೇಶ. "ಉಪ್ಪು, ಕಾರ, ಉಳಿ, ಎಲ್ಲ ಅವರೇ ನೋಡಿದ್ದು. ನಿಮ್ಮನ್ನ ಕೇಳಿದ್ದು ಮರ್ಯಾದೆಗೆ."